ರಿಮೋಟು, ಗ್ರೂಪು, ಗೇಟು: ಚುನಾವಣೆ ಮುಗಿಯುವವರೆಗೆ ಮನೆ ನಡೆಸುವುದು

ಅಪ್ಪನಿಗೆ ಒಂದು ಪಕ್ಷ, ಮಗನಿಗೆ ಇನ್ನೊಂದು. ಸೊಸೆ ಯಾವುದೆಂದು ಬಾಯಿ ಬಿಡುವುದಿಲ್ಲ. ಅಜ್ಜಿ ಮಾತ್ರ ಮದುವೆಯಾಗಿ ಬಂದಾಗಿನಿಂದ ಒಂದೇ ಪಕ್ಷ ಹಿಡಿದವರು. ಇಂಥ ಮನೆಯಲ್ಲಿ ಚುನಾವಣೆ ಬಂದರೆ ಸಿದ್ಧಾಂತಕ್ಕೇ ಜಗಳ ಎಂದು ಎಲ್ಲರೂ ತಿಳಿದಿರುತ್ತಾರೆ. ಹತ್ತಿರದಿಂದ ನೋಡಿದರೆ ಹಾಗಿಲ್ಲ. ಜಗಳ ಹತ್ತಿಕೊಳ್ಳುವುದು ಟಿವಿ ರಿಮೋಟಿಗೆ, ಫ್ಯಾಮಿಲಿ ಗ್ರೂಪಿಗೆ ಬಿದ್ದ ಒಂದು ವಿಡಿಯೊಗೆ, ಗೇಟಿಗೆ ಯಾರೋ ಅಂಟಿಸಿ ಹೋದ ಸ್ಟಿಕ್ಕರಿಗೆ. ಯಾರ ಮನಸ್ಸನ್ನೂ ಬದಲಿಸಲು ಹೋಗದೆ ಈ ಮೂರನ್ನು ಹದಕ್ಕೆ ತಂದುಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಉಳಿದದ್ದು ಕಾಗದಪತ್ರ. ಅದರಲ್ಲಿ ಪಕ್ಷಭೇದವಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಎಷ್ಟು ದಿನದ ಮಾತು

ಒಂದೆರಡು ವಾರ ಸುಮ್ಮನಿದ್ದರಾಯಿತು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 2023ರ ವಿಧಾನಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. ಮತದಾನ ಮೇ 10, ಎಣಿಕೆ ಮೇ 13. ಒಟ್ಟು 45 ದಿನ. 2024ರ ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಜೂನ್ 4ಕ್ಕೆ ಮುಗಿಯಿತು, ಅಂದರೆ 80 ದಿನ. ಅದರಲ್ಲೂ ಏಪ್ರಿಲ್ 26ರಂದು, ರಾಜ್ಯದ ಮೊದಲ ಹಂತದಲ್ಲಿ, ಓಟು ಹಾಕಿದ 14 ಕ್ಷೇತ್ರಗಳವರು ಬೆರಳಿನ ಶಾಯಿ ಮಾಸಿದ ಮೇಲೂ ಫಲಿತಾಂಶಕ್ಕೆ ಕಾಯುತ್ತಲೇ ಇದ್ದರು, ಒಟ್ಟು 39 ದಿನ. ಮನೆ ಕೆಡುವುದು ಸಾಮಾನ್ಯವಾಗಿ ಇಂಥ ಕಾಯುವ ದಿನಗಳಲ್ಲೇ. ಮಾಡಲು ಏನೂ ಉಳಿದಿರುವುದಿಲ್ಲ, ಮಾತು ಮಾತ್ರ ಉಳಿದಿರುತ್ತದೆ. ಮೇಲಾಗಿ ಏಪ್ರಿಲ್, ಮೇ ಎಂದರೆ ಮದುವೆ ಕಾಲ. ರಜೆಗೆ ನೆಂಟರು ಬಂದಿರುತ್ತಾರೆ, ಒಂದೇ ಹಾಲ್‌ನಲ್ಲಿ ಎಂಟು ಜನ.

ಗೋಡೆ ಕ್ಯಾಲೆಂಡರ್‌ನಲ್ಲಿ ನಾಲ್ಕು ದಿನ ಗುರುತು ಮಾಡಿ. ಅಧಿಸೂಚನೆಯ ದಿನ, ಅಲ್ಲಿಂದ ಏಳನೇ ದಿನಕ್ಕೆ ಬರುವ ನಾಮಪತ್ರದ ಕೊನೆ ದಿನ, ಮರುದಿನದ ಪರಿಶೀಲನೆ ಮುಗಿದು ಎರಡು ದಿನಕ್ಕೆ ಬರುವ ನಾಮಪತ್ರ ವಾಪಸ್ ದಿನ, ಅದಾಗಿ ಕನಿಷ್ಠ ಹದಿನಾಲ್ಕು ದಿನ ಬಿಟ್ಟು ನಡೆಯುವ ಮತದಾನ. ರಜಾ ದಿನ ಅಡ್ಡ ಬಂದರೆ ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆ. ಟಿಕೆಟ್ ಯಾರಿಗೆ, ಬಂಡಾಯ ಯಾರದು ಎಂಬ ಚರ್ಚೆಗೆ ವಾಪಸ್ ದಿನದವರೆಗೆ ಆಧಾರವಿಲ್ಲ, ಆ ದಿನ ದಾಟಿದ ಮೇಲೆ ಅಗತ್ಯವೂ ಇಲ್ಲ. ಇಷ್ಟನ್ನು ಮನೆಯವರು ಒಪ್ಪಿದರೂ ಸಾಕು, ಎರಡು ವಾರದ ಮಾತು ಉಳಿತಾಯವಾಗುತ್ತದೆ.

ಕಾಗದಪತ್ರ

ಎಲ್ಲರ ಹೆಸರೂ ಪಟ್ಟಿಯಲ್ಲಿದೆಯೇ ಎಂದು ಒಬ್ಬರೇ ಕೂತು ನೋಡಲಿ. ಹುಡುಕುವುದು ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ, ಇಲ್ಲವೇ ಆಯೋಗದ ಆ್ಯಪ್‌ನಲ್ಲಿ. ಎರಡೂ ಆಗದಿದ್ದರೆ 1950ಕ್ಕೆ ಫೋನ್ ಮಾಡಬಹುದು. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ: ಕೈಯಲ್ಲಿ ವೋಟರ್ ಐಡಿ ಇದ್ದರೆ ಓಟು ಇದ್ದಂತೆ ಎಂದುಕೊಳ್ಳುತ್ತಾರೆ. ಕಾರ್ಡ್ ಬೇರೆ, ಪಟ್ಟಿ ಬೇರೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡ್ ತೋರಿಸಿ ಪ್ರಯೋಜನವಿಲ್ಲ. ಪಟ್ಟಿಯಲ್ಲಿದ್ದು ಕಾರ್ಡ್ ಕಳೆದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್‌ನಂಥ ದಾಖಲೆ ನಡೆಯುತ್ತದೆ. ಮನೆಗೆ ಹಂಚುವ ವೋಟರ್ ಸ್ಲಿಪ್ ಗುರುತಿನ ದಾಖಲೆಯಲ್ಲ. ಅದು ಬೂತ್ ಯಾವುದು, ಕ್ರಮಸಂಖ್ಯೆ ಎಷ್ಟು ಎಂದು ಹೇಳುವ ಚೀಟಿ, ಅಷ್ಟೇ.

ಹೊಸದಾಗಿ ಸೇರಲು ನಮೂನೆ 6. ಮನೆ ಬದಲಿಸಿದ್ದರೆ, ಹೆಸರು ತಿದ್ದಬೇಕಿದ್ದರೆ, ಕಾರ್ಡ್ ಕಳೆದಿದ್ದರೆ ನಮೂನೆ 8. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುವುದು ತೀರ ಸಾಮಾನ್ಯ. ಅದಕ್ಕೆ ನಮೂನೆ 8 ಹಾಕಬೇಕು. ಹೊಸದಾಗಿ ನಮೂನೆ 6 ಹಾಕಿದರೆ ಎರಡು ಕಡೆ ಹೆಸರಾಗಿ ತಕರಾರು ಬರುತ್ತದೆ. ಹದಿನೆಂಟು ತುಂಬುವ ಲೆಕ್ಕಕ್ಕೆ ಈಗ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದ ಮಕ್ಕಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ನಾಮಪತ್ರದ ಕೊನೆ ದಿನ ದಾಟಿದರೆ ಪಟ್ಟಿಯಲ್ಲಿ ಬದಲಾವಣೆ ಇಲ್ಲ. ಅರ್ಜಿಗೆ ಆಕ್ಷೇಪಣೆ ಕರೆಯಲು ಏಳು ದಿನ ಬೇಕು. ಘೋಷಣೆ ಆದ ವಾರದಲ್ಲೇ ಹಾಕಿದರೆ ಸರಿ, ತಡವಾಗಿ ಹಾಕಿದ್ದು ಮುಂದಿನ ಚುನಾವಣೆಗೆ.

ಪಕ್ಷ ಒಡೆದ ಮನೆಯಲ್ಲಿ ಇದಕ್ಕೊಂದು ಎಚ್ಚರಿಕೆ ಬೇಕು. ಅಣ್ಣ ತಮ್ಮನ ಅರ್ಜಿ ಹಾಕಿ, ಅದು ತಿರಸ್ಕೃತವಾದರೆ, "ಬೇಕಂತಲೇ ಫೋಟೊ ಮಸುಕು ಹಾಕಿದ" ಎಂಬ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಅರ್ಜಿಯನ್ನು ಯಾರೇ ತುಂಬಲಿ, ಮೊಬೈಲ್ ಸಂಖ್ಯೆ ಮಾತ್ರ ಅರ್ಜಿದಾರರದೇ ಇರಲಿ. ಒಟಿಪಿ ಅವರಿಗೇ ಬರುತ್ತದೆ, ಅರ್ಜಿಯ ಸಂಖ್ಯೆಯೂ ಅವರ ಬಳಿಯೇ ಇರುತ್ತದೆ.

85 ದಾಟಿದ ಹಿರಿಯರು, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ನಮೂನೆ 12ಡಿ. ಅಧಿಸೂಚನೆಯಾದ ಐದು ದಿನದೊಳಗೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೈಗೆ ಸೇರಬೇಕು. 2023ರಲ್ಲಿ ಈ ವಯಸ್ಸು 80 ಇತ್ತು, 2024ರಲ್ಲಿ 85 ಆಯಿತು. ಹಳೆಯ ನೆನಪಿನಲ್ಲಿ 82ರ ಅಜ್ಜನನ್ನು ಮನೆಯಲ್ಲೇ ಕೂರಿಸಿಕೊಂಡರೆ ಅವರ ಓಟು ಹೋಗುತ್ತದೆ. ಒಮ್ಮೆ 12ಡಿ ಮಂಜೂರಾದರೆ ಮನಸ್ಸು ಬದಲಿಸಿ ಬೂತಿಗೆ ಹೋಗುವಂತಿಲ್ಲ. ಆದ್ದರಿಂದ ಅಜ್ಜಿಯನ್ನೇ ಕೇಳಿ. ನಡೆಯಲು ಕಷ್ಟವಾದರೂ ಬೂತಿಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ ಬರುವುದೇ ಅವರಿಗೆ ಹಬ್ಬವಾಗಿರಬಹುದು. ಮನೆಗೆ ಸಿಬ್ಬಂದಿ ಬರುವುದಾದರೆ ಅಜ್ಜಿ ಓಟು ಹಾಕುವ ಹೊತ್ತಿಗೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಪಕ್ಕದ ಮಂಚದ ಮೇಲೂ.

ರಿಮೋಟು

ಸುದ್ದಿ ಬೇರೆ, ಚರ್ಚೆ ಬೇರೆ. ಇದೊಂದು ವ್ಯತ್ಯಾಸ ಮನೆಯಲ್ಲಿ ನಿಂತರೆ ಸಂಜೆಗಳು ತಣ್ಣಗಿರುತ್ತವೆ. ಅರ್ಧ ಗಂಟೆಯ ವಾರ್ತೆಯಲ್ಲಿ ಎಲ್ಲಿ ಏನಾಯಿತು ಎಂಬುದು ಬಂದುಹೋಗುತ್ತದೆ. ಆಮೇಲೆ ಬರುವ, ಆರು ಕಿಟಕಿಗಳಲ್ಲಿ ಆರು ಜನ ಒಟ್ಟಿಗೆ ಕೂಗುವ ಕಾರ್ಯಕ್ರಮದಲ್ಲಿ ಹೊಸ ವಿಷಯ ತೀರ ಕಡಿಮೆ. ಅಲ್ಲಿಯ ಏರುದನಿ ಮಾತ್ರ ಹಾಲ್‌ಗೆ ಇಳಿದುಬರುತ್ತದೆ. ಹಾಲ್‌ನ ಟಿವಿಯಲ್ಲಿ ವಾರ್ತೆ, ಚರ್ಚೆ ಬೇಕಾದವರಿಗೆ ಅವರವರ ಫೋನು ಮತ್ತು ಇಯರ್‌ಫೋನು. ಈ ನಿಯಮ ಎಲ್ಲ ಪಕ್ಷದವರಿಗೂ ಒಂದೇ ಆದ್ದರಿಂದ ಯಾರಿಗೂ ಸೋಲು ಅನ್ನಿಸುವುದಿಲ್ಲ.

"ಇವತ್ತು ನಿಮ್ಮ ಚಾನೆಲ್, ನಾಳೆ ನಮ್ಮದು" ಎಂದು ದಿನ ಹಂಚಿಕೊಳ್ಳುವ ಪದ್ಧತಿ ಕೇಳಲು ಚೆನ್ನಾಗಿದೆ, ನಡೆಯುವುದಿಲ್ಲ. ದೊಡ್ಡ ಸಮಾವೇಶ ಯಾವಾಗಲೂ ಎದುರು ಪಾರ್ಟಿಯವರ ದಿನಕ್ಕೇ ಬೀಳುತ್ತದೆ, ಮೂರನೇ ದಿನಕ್ಕೆ ಲೆಕ್ಕದ ಪುಸ್ತಕ ತೆರೆಯಬೇಕಾಗುತ್ತದೆ. ಅದರ ಬದಲು ಒಂದೇ ಸಂಜೆ ಎರಡು ಚಾನೆಲ್‌ಗಳ ವಾರ್ತೆ, ಒಂದರ ಹಿಂದೊಂದು. ಅದೇ ಘಟನೆಯನ್ನು ಎರಡು ಕಡೆ ಹೇಗೆ ಹೇಳಿದರು ಎಂದು ಗಮನಿಸುವುದೇ ಕೆಲವು ಮನೆಗಳಲ್ಲಿ ಆಟವಾಗಿಬಿಡುತ್ತದೆ.

ವಾಲ್ಯೂಮ್ ಬಗ್ಗೆ ಒಂದು ಮಾತು. ಅನೇಕ ಮನೆಗಳಲ್ಲಿ ರಾಜಕೀಯ ಜಗಳ ಎಂದು ಹೆಸರು ಪಡೆದದ್ದು ನಿಜಕ್ಕೂ ಶಬ್ದದ ಜಗಳ. ಮನೆಯ ಹಿರಿಯರಿಗೆ ಕಿವಿ ಮಂದ. ಅವರು 40ಕ್ಕೆ ಏರಿಸುತ್ತಾರೆ, ಅಡುಗೆಮನೆಯಲ್ಲಿರುವವರಿಗೆ ತಲೆನೋವು, ಸಿಟ್ಟು ಹೋಗಿ ಪಕ್ಷದ ಮೇಲೆ ಬೀಳುತ್ತದೆ. ಊಟದ ಜಾಗದಲ್ಲಿ ಕೂತವರು ಸಹಜ ದನಿಯಲ್ಲಿ ಆಡಿದ ಮಾತು ಪರಸ್ಪರ ಕೇಳಿಸಬೇಕು, ಅಷ್ಟಕ್ಕೆ ವಾಲ್ಯೂಮ್ ಇಳಿಸಿ, ಆ ಸಂಖ್ಯೆಯನ್ನು ಟೇಪಿನ ತುಂಡಿನ ಮೇಲೆ ಬರೆದು ರಿಮೋಟಿನ ಹಿಂದೆ ಅಂಟಿಸಿ. ಹಿರಿಯರಿಗೆ ಬ್ಲೂಟೂತ್ ನೆಕ್‌ಬ್ಯಾಂಡ್ ಕೊಡಿಸಿ. ಕೊಳ್ಳುವ ಮೊದಲು ಟಿವಿ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಇದೆಯೇ, ಹೆಡ್‌ಸೆಟ್ ಜೋಡಿಸಿದಾಗ ಸ್ಪೀಕರ್ ಕೂಡ ಓಡುತ್ತದೆಯೇ ಎಂದು ನೋಡಿಕೊಳ್ಳಿ. ಕೆಲವು ಟಿವಿಗಳಲ್ಲಿ ಹೆಡ್‌ಸೆಟ್ ಸೇರಿದೊಡನೆ ಸ್ಪೀಕರ್ ಬಂದ್ ಆಗುತ್ತದೆ, ಆಗ ಉಳಿದವರಿಗೆ ಮೂಕಿ ಚಿತ್ರ.

ಸೆಟ್‌ಟಾಪ್ ಬಾಕ್ಸ್‌ನಲ್ಲಿ ಚಾನೆಲ್ ಲಾಕ್ ಇರುತ್ತದೆ. ಗುಟ್ಟಾಗಿ ಹಾಕಲು ಹೋಗಬೇಡಿ. ಸಿಕ್ಕಿಬಿದ್ದ ದಿನದ ಜಗಳಕ್ಕೆ ಹಿಂದಿನದೆಲ್ಲ ಕಡಿಮೆ ಅನ್ನಿಸುತ್ತದೆ.

ತಟ್ಟೆಯ ಮುಂದೆ

ಊಟಕ್ಕೆ ಕೂತಾಗ ರಾಜಕೀಯ ಬೇಡ ಎಂದು ಕಟ್ಟಪ್ಪಣೆ ಮಾಡಿದರೆ ಯಾರೂ ಪಾಲಿಸುವುದಿಲ್ಲ. ಮಾತು ಬರಲಿ, ಆದರೆ ಅದು ಎಲ್ಲಿ ಹೊತ್ತಿಕೊಳ್ಳುತ್ತದೆ ಎಂದು ತಿಳಿದಿರಿ. ಬಹುಪಾಲು ಒಂದೇ ಪದದಲ್ಲಿ: "ನಿಮ್ಮೋರು."

ಮಗ ಕೇಳುತ್ತಾನೆ: "ನಿಮ್ಮೋರು ಐದು ವರ್ಷ ಏನ್ ಕಡಿದು ಕಟ್ಟೆ ಹಾಕಿದ್ರು?" ಆ ಕ್ಷಣಕ್ಕೆ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ. ಪಕ್ಷದ ಐದು ವರ್ಷದ ಎಲ್ಲ ಕೆಲಸಕ್ಕೂ, ಎಲ್ಲ ಹಗರಣಕ್ಕೂ ಉತ್ತರ ಹೇಳಬೇಕಾದ ವಕ್ತಾರರಾಗುತ್ತಾರೆ. ಗೊತ್ತಿಲ್ಲದ್ದಕ್ಕೂ ಸಮರ್ಥನೆ ಹುಡುಕುತ್ತಾರೆ. ಮುಂದಿನ ವಾಕ್ಯ "ನಿಮ್ಮೋರು ಏನ್ ಕಮ್ಮಿನಾ?" ಎಂದೇ ಇರುತ್ತದೆ. ಅದೇ ಪ್ರಶ್ನೆಯನ್ನು "ಆ ಸರ್ಕಾರ ನಮ್ಮೂರ ಕೆರೆಗೆ ಏನ್ ಮಾಡ್ತು ಅಪ್ಪಾ?" ಎಂದು ಕೇಳಿದರೆ ಅಪ್ಪನೇ ಎರಡು ಬೈಗುಳ ಸೇರಿಸಬಹುದು. ಪಕ್ಷದ ಹೆಸರು, ನಾಯಕರ ಹೆಸರು, ಕೆರೆ, ರಸ್ತೆ, ಆಸ್ಪತ್ರೆ ಏನು ಬೇಕಾದರೂ ಬರಲಿ. ನಿಮ್ಮೋರು, ನಮ್ಮೋರು ಎರಡನ್ನು ಮಾತ್ರ ತಟ್ಟೆಯಿಂದ ಆಚೆ ಇಡಿ.

ಎರಡನೆಯದು "ನಿಮಗೆ ಗೊತ್ತಾಗಲ್ಲ ಬಿಡಿ." ಹಿರಿಯರಿಗೆ ಹೇಳಿದರೆ ಅವಮಾನ, ಹೆಂಡತಿಗೆ ಹೇಳಿದರೆ ಮರುದಿನದ ತಿಂಡಿಯಲ್ಲಿ ಉತ್ತರ ಸಿಗುತ್ತದೆ.

ಮಾತು ಬಿಸಿಯಾದ ಮೇಲೆ ತಣಿಸುವುದಕ್ಕೆ ವಾದದೊಳಗಿನ ಮಾತು ನಡೆಯುವುದಿಲ್ಲ, ಕೈಗೆ ಕೆಲಸ ಕೊಡುವ ಮಾತು ನಡೆಯುತ್ತದೆ. "ಮಾವ, ಮಜ್ಜಿಗೆ ಹಾಕ್ಲಾ?" "ಚಿಕ್ಕಪ್ಪ, ಆ ಉಪ್ಪಿನಕಾಯಿ ಈ ಕಡೆ ಕೊಡಿ." ಇದನ್ನು ಯಾವ ಕಡೆಗೂ ಸೇರದವರು ಹೇಳಬೇಕು. ವಾದ ಮಾಡುತ್ತಿರುವವರೇ ಹೇಳಿದರೆ ಸೋತು ಮಾತು ತಿರುಗಿಸಿದರು ಎಂದಾಗುತ್ತದೆ. ಸುಮ್ಮನಾಗಿಸಲು ಮಕ್ಕಳನ್ನು ಮುಂದೆ ಬಿಡುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. "ಪುಟ್ಟಾ, ನೀನ್ಯಾರ ಪಾರ್ಟಿ ಹೇಳು" ಎಂದು ಆರು ವರ್ಷದ ಮಗುವನ್ನು ಕೇಳುವುದಂತೂ ಬೇಡವೇ ಬೇಡ. ಮಗು ಅಜ್ಜನ ಮುಖ ನೋಡಿ ಒಂದು ಹೇಳುತ್ತದೆ, ಅಪ್ಪನ ಮುಖ ನೋಡಿ ಇನ್ನೊಂದು. ಘೋಷಣೆ ಕೂಗಲು, ಕರಪತ್ರ ಹಂಚಲು ಮಕ್ಕಳನ್ನು ಬಳಸುವಂತಿಲ್ಲ ಎಂದು ಚುನಾವಣಾ ಆಯೋಗವೇ 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಬೀದಿಯಲ್ಲಿ ಬೇಡವಾದದ್ದು ಹಾಲ್‌ನಲ್ಲೂ ಬೇಡ.

ಗ್ರೂಪು

ಮನೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಗಳ ಎದ್ದಾಗ ಬಹಳ ಅಡ್ಮಿನ್‌ಗಳು ಮಾಡುವ ಮೊದಲ ತಪ್ಪು, ಯಾರನ್ನೋ ಗ್ರೂಪಿನಿಂದ ತೆಗೆಯುವುದು. ತೆಗೆದ ಮೇಲೆ ಮತ್ತೆ ಸೇರಿಸಲು ಮದುವೆ ಕರೆಯಷ್ಟೇ ಓಡಾಡಬೇಕಾಗುತ್ತದೆ. ಮೆಸೇಜ್ ಕಳಿಸುವ ಅವಕಾಶವನ್ನು ಅಡ್ಮಿನ್‌ಗಳಿಗಷ್ಟೇ ಸೀಮಿತಗೊಳಿಸುವ ಆಯ್ಕೆ ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿದೆ. ರಾತ್ರಿ ಅದನ್ನು ಹಾಕಿ, ಬೆಳಿಗ್ಗೆ ತೆರೆಯಿರಿ. ಕಾರಣ ಒಂದೇ ಸಾಲು: "ಎಲ್ಲರೂ ಮಲಗಿ, ನಾಳೆ ಮಾತಾಡೋಣ." ಮತದಾನದ ಹಿಂದಿನ ದಿನ ಮತ್ತು ಎಣಿಕೆಯ ದಿನ ಪೂರ್ತಿ ಮುಚ್ಚಿದರೂ ತಪ್ಪಿಲ್ಲ. ತುರ್ತು ವಿಷಯಕ್ಕೆ ಫೋನ್ ಇದ್ದೇ ಇದೆ.

ಅಡ್ಮಿನ್ ಅಲ್ಲದವರಿಗೆ ಮ್ಯೂಟ್ ಇದೆ: 8 ಗಂಟೆ, 1 ವಾರ, ಅಥವಾ ಯಾವಾಗಲೂ. ಒಂದು ವಾರ ಸಾಕು, ಮುಗಿದಾಗ ಮತ್ತೆ ಹಾಕಿಕೊಳ್ಳಬಹುದು. "ಯಾವಾಗಲೂ" ಹಾಕಿದವರು ಚುನಾವಣೆ ಮುಗಿದ ಮೇಲೂ ತೆಗೆಯಲು ಮರೆತು, ಸೋದರತ್ತೆ ಆಸ್ಪತ್ರೆ ಸೇರಿದ ಸುದ್ದಿ ನಾಲ್ಕು ದಿನ ತಡವಾಗಿ ಓದುತ್ತಾರೆ. ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದರೆ ಫೋನಿನ ಜಾಗವೂ ಉಳಿಯುತ್ತದೆ, ಬೆಳಿಗ್ಗೆ ಎದ್ದೊಡನೆ ಯಾರದೋ ಭಾಷಣ ಕಣ್ಣಿಗೆ ಬೀಳುವುದೂ ತಪ್ಪುತ್ತದೆ.

ಇನ್ನು ಫಾರ್ವರ್ಡ್. ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಕನಿಷ್ಠ ಐದು ಸಲ ದಾಟಿ ಬಂದದ್ದು. ಒಂದನ್ನು ಹತ್ತಿರದಿಂದ ನೋಡೋಣ. ದೊಡ್ಡಪ್ಪ ಒಂದು ವಿಡಿಯೊ ಹಾಕಿದ್ದಾರೆ: ಹಳ್ಳ ಬಿದ್ದ ರಸ್ತೆ, ಸಿಕ್ಕಿಕೊಂಡ ಬಸ್ಸು, ಜನರ ಕೂಗಾಟ, ಕೆಳಗೆ "ನಮ್ಮ ಜಿಲ್ಲೆಯ ಅಭಿವೃದ್ಧಿ ನೋಡಿ." ಮೊದಲು ಬಸ್ಸಿನ, ಬೈಕುಗಳ ನಂಬರ್ ಪ್ಲೇಟು. ಮೈಸೂರಾದರೆ ಕೆಎ-09, ಮಂಗಳೂರಾದರೆ ಕೆಎ-19, ಧಾರವಾಡವಾದರೆ ಕೆಎ-25 ನಾಲ್ಕಾರಾದರೂ ಕಾಣಬೇಕು. ಎಲ್ಲವೂ ಬೇರೆ ರಾಜ್ಯದ್ದಾದರೆ ಅಲ್ಲಿಗೇ ಅನುಮಾನ. ಆಮೇಲೆ ಅಂಗಡಿಗಳ ಬೋರ್ಡು ಯಾವ ಲಿಪಿಯಲ್ಲಿದೆ. ಆಮೇಲೆ ಜನರ ಬಟ್ಟೆ: ಏಪ್ರಿಲ್ ಬಿಸಿಲಿನ ವಿಡಿಯೊ ಎನ್ನುತ್ತಾ ಎಲ್ಲರೂ ಸ್ವೆಟರ್ ಹಾಕಿದ್ದರೆ ಕಥೆ ಮುಗಿಯಿತು. ಮಾತು ತುಟಿಗೆ ಹೊಂದುತ್ತಿದೆಯೇ ಎಂದೂ ನೋಡಿ, ಹಳೆಯ ದೃಶ್ಯಕ್ಕೆ ಹೊಸ ಕನ್ನಡ ಧ್ವನಿ ಸೇರಿಸುವುದು ಸುಲಭ. ಕೊನೆಗೆ ಸ್ಪಷ್ಟವಾದ ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಚಿತ್ರ ಮೂರು ವರ್ಷ ಹಿಂದಿನ ಸುದ್ದಿಯಲ್ಲಿ ಸಿಕ್ಕರೆ ಬೇರೆ ಪುರಾವೆ ಬೇಡ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಸುಳ್ಳೆಂದು ಗೊತ್ತಾದ ಮೇಲೆ ಮಾಡುವುದೇ ಮುಖ್ಯ. ಗ್ರೂಪಿನಲ್ಲಿ "ಇದು ಫೇಕ್" ಎಂದು ಬರೆದರೆ ಇಪ್ಪತ್ತೆಂಟು ಜನರ ಮುಂದೆ ದೊಡ್ಡಪ್ಪನ ಮಾನ ತೆಗೆದಂತೆ. ಅವರು ಹಿಂದೆ ಸರಿಯುವುದಿಲ್ಲ, ಇನ್ನೂ ನಾಲ್ಕು ಹಾಕುತ್ತಾರೆ. ಅವರೊಬ್ಬರಿಗೇ ಫೋನ್ ಮಾಡಿ: "ದೊಡ್ಡಪ್ಪಾ, ನೀವು ಕಳಿಸಿದ್ದು ಹಳೇ ವಿಡಿಯೊ ಅಂತೆ, ಬೇರೆ ರಾಜ್ಯದ್ದು. ಯಾರಾದ್ರೂ ಕೇಳೋಕ್ ಮುಂಚೆ ಡಿಲೀಟ್ ಮಾಡ್ಬಿಡಿ." ಎಲ್ಲರಿಗೂ ಅಳಿಸುವ ಅವಕಾಶ ಎರಡು ದಿನ ಚಿಲ್ಲರೆ ಮಾತ್ರ, ಅಷ್ಟರೊಳಗೆ ಹೇಳಬೇಕು. ನಿಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳು ಬಂದಾಗಲೂ ಇದೇ ಫೋನ್ ಹೋಗಬೇಕು. ಅದು ಹೋಗದಿದ್ದರೆ ಮುಂದಿನ ಸಲ ದೊಡ್ಡಪ್ಪ ಫೋನ್ ಎತ್ತುವುದಿಲ್ಲ, ಅವರದು ತಪ್ಪೂ ಅಲ್ಲ.

ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಅವರ ಫೋನನ್ನು ಮಕ್ಕಳ ಕೈಗೆ ಕೊಟ್ಟು ಮರೆಯಬೇಡಿ. ಪಕ್ಷದ ಪರವಾಗಿ ಹಾಕಿದ ಒಂದು ಸ್ಟೇಟಸ್‌ಗೆ ನೋಟಿಸ್ ಬರುವುದು ನೌಕರರಿಗೆ.

ಗೇಟು

ಕಾರ್ಯಕರ್ತರು ಬಂದಾಗ ಬಾಗಿಲಿಗೆ ಯಾರು ಹೋಗುತ್ತಾರೆ ಎಂಬುದನ್ನು ಮೊದಲೇ ನಿಗದಿ ಮಾಡಿ. ಎಲ್ಲ ಪಕ್ಷದವರಿಗೂ ಒಬ್ಬರೇ, ಒಂದೇ ಮಾತು: "ಕರಪತ್ರ ಕೊಡಿ, ಎಲ್ಲರೂ ಓದ್ತೀವಿ." ಬಂದ ಕರಪತ್ರಗಳನ್ನು ಒಂದೇ ಜಾಗದಲ್ಲಿಡಿ. ಎದುರು ಪಕ್ಷದ್ದನ್ನು ಹರಿದು ಕಸದ ಬುಟ್ಟಿಗೆ ಹಾಕುವ ಸುಖ ಸಣ್ಣದು, ಅದನ್ನು ನೋಡಿದವರ ನೆನಪು ದೊಡ್ಡದು.

ಹಿರಿಯರು ಗೇಟಿನಲ್ಲಿ ನಿಂತು "ನಮ್ಮನೇಲಿ ಆರು ಓಟು, ಎಲ್ಲ ನಿಮಗೇ" ಎಂದು ಮಾತು ಕೊಡುವುದುಂಟು. ಅಲ್ಲೇ ಎದುರಾಡಿ ಅವರ ಮುಖ ಕೆಡಿಸುವುದು ಬೇಡ. ಅದಕ್ಕೆ ಕಟ್ಟುಬೀಳುವುದೂ ಬೇಡ. ಓಟು ಯಾರಿಗೆಂದು ಹೇಳಲು ಯಾರನ್ನೂ ಬಲವಂತಪಡಿಸುವಂತಿಲ್ಲ, ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲೂ. 1951ರ ಜನಪ್ರತಿನಿಧಿ ಕಾಯ್ದೆಯ 94ನೇ ಕಲಮು ಹೇಳುವುದು ಇದನ್ನೇ. "ಎಣಿಕೆಯಲ್ಲಿ ಗೊತ್ತಾಗುತ್ತೆ" ಎಂಬ ಭಯ ಮನೆಯ ಹೆಣ್ಣುಮಕ್ಕಳಲ್ಲಿ ಈಗಲೂ ಇದೆ. ಗೊತ್ತಾಗುವುದು ಇಡೀ ಬೂತಿನ ಒಟ್ಟು ಮಾತ್ರ. ನೂರಾರು ಓಟಿನ ರಾಶಿಯಲ್ಲಿ ಒಂದು ಮನೆಯ ಆರು ಓಟು ಯಾವ ಕಡೆ ಎಂದು ಬೇರ್ಪಡಿಸುವ ದಾರಿಯೇ ಇಲ್ಲ.

ಸ್ಟಿಕ್ಕರ್, ಬಾವುಟ, ಗೋಡೆಬರಹಕ್ಕೆ ಮಾಲೀಕರ ಅನುಮತಿ ಬೇಕೆಂದು ಮಾದರಿ ನೀತಿ ಸಂಹಿತೆಯೇ ಹೇಳುತ್ತದೆ. ಮನೆಯೊಳಗಿನ ಒಪ್ಪಂದ ಇನ್ನೂ ಸರಳವಾಗಿರಲಿ: ಎಲ್ಲರೂ ಒಪ್ಪದೆ ಗೇಟಿಗೆ, ಕಾಂಪೌಂಡಿಗೆ, ಎಲ್ಲರೂ ಓಡಿಸುವ ಸ್ಕೂಟರಿಗೆ ಏನೂ ಇಲ್ಲ. ಸ್ವಂತ ಕೋಣೆಯ ಬಾಗಿಲು ಅವರವರದು. ಅನುಮತಿ ಇಲ್ಲದೆ ಅಂಟಿಸಿದ್ದರೆ ಆಯೋಗದ ಆ್ಯಪ್ ಮೂಲಕ ಸಿವಿಜಿಲ್ ಎಂಬ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಗ್ಯಾಲರಿಯಲ್ಲಿರುವ ಹಳೆಯ ಫೋಟೊ ನಡೆಯುವುದಿಲ್ಲ, ಆ್ಯಪ್‌ನೊಳಗೇ ಸ್ಥಳದಲ್ಲೇ ತೆಗೆಯಬೇಕು. ದೂರಿನ ಸ್ಥಿತಿ 100 ನಿಮಿಷದೊಳಗೆ ತಿಳಿಸುವ ವ್ಯವಸ್ಥೆ ಅದು. ಆದರೆ ಅಂಟಿಸಿದ್ದು ಮನೆಯ ತಮ್ಮನೇ ಆಗಿದ್ದರೆ ಆ್ಯಪ್ ತೆರೆಯುವ ಮೊದಲು ಅವನನ್ನು ಒಂದು ಮಾತು ಕೇಳಿ. ಮೈಕಿನ ಗಾಡಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಕೂಗುವಂತಿಲ್ಲ.

ಸೀರೆ, ಕುಕ್ಕರ್, ನಗದು ಬಂದರೆ ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ಅಪರಾಧಿಗಳು. ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಒಬ್ಬರು ತೆಗೆದುಕೊಂಡು, ಇನ್ನೊಬ್ಬರು ವಾಪಸ್ ಕೊಡಲು ಹೊರಟರೆ ಮನೆಯೂ ಒಡೆಯುತ್ತದೆ, ಬೀದಿಗೂ ಸುದ್ದಿಯಾಗುತ್ತದೆ. ಕೈ ಚಾಚುವ ಮುನ್ನವೇ ಬೇಡ ಎನ್ನುವುದು ಸುಲಭ. ಗೆದ್ದ ಮೇಲೆ ಯೋಜನೆ ಕೊಡಿಸುತ್ತೇವೆಂದು ಫೋನ್ ಸಂಖ್ಯೆ, ಆಧಾರ್ ಬರೆದುಕೊಳ್ಳಲು ಬಂದರೆ ಅದನ್ನೂ ಕೊಡಬೇಡಿ. ಹಾಗೆ ಹೆಸರು ನೋಂದಾಯಿಸುವುದನ್ನು ನಿಲ್ಲಿಸಲು ಆಯೋಗ 2024ರ ಮೇ ತಿಂಗಳಲ್ಲೇ ಪಕ್ಷಗಳಿಗೆ ಸೂಚಿಸಿದೆ. ಒಟಿಪಿಯಂತೂ ಯಾರಿಗೂ ಇಲ್ಲ.

ಮದುವೆ ಖರೀದಿಗೆ ಹೊರಟವರು ಇನ್ನೊಂದು ನೆನಪಿಟ್ಟುಕೊಳ್ಳಿ. ನೀತಿ ಸಂಹಿತೆ ಇರುವಾಗ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ದರೆ ಚೆಕ್‌ಪೋಸ್ಟಿನಲ್ಲಿ ದಾಖಲೆ ಕೇಳುತ್ತಾರೆ. ಬ್ಯಾಂಕಿನಿಂದ ಹಣ ತೆಗೆದ ರಸೀದಿ ಇಲ್ಲವೇ ಪಾಸ್‌ಬುಕ್ ನಕಲು, ಲಗ್ನಪತ್ರಿಕೆ, ಒಡವೆಯ ಬಿಲ್ಲು, ಗುರುತಿನ ಚೀಟಿ ಒಂದೇ ಕವರಿನಲ್ಲಿರಲಿ. ಜಪ್ತಿಯಾದರೂ ಹೆದರಬೇಕಿಲ್ಲ, ರಸೀದಿ ಕೇಳಿ ಪಡೆಯಿರಿ. ದಾಖಲೆ ನೋಡಿ ಹಣ ಬಿಡುಗಡೆ ಮಾಡಲು ಜಿಲ್ಲಾ ಮಟ್ಟದಲ್ಲಿ ಮೂವರು ಅಧಿಕಾರಿಗಳ ಸಮಿತಿ ಇರುತ್ತದೆ. ಆ ಮದುವೆಗೇ ಅಭ್ಯರ್ಥಿ ಬಂದರೆ ಊಟ ಹಾಕಿ, ಮೈಕ್ ಕೊಡಬೇಡಿ.

ಓಟಿನ ದಿನ

ಒಟ್ಟಿಗೇ ಹೋಗಿ. ಒಂದೇ ಗಾಡಿ, ಬೆಳಿಗ್ಗೆ 7ಕ್ಕೆ ಹೊರಟರೆ ಬಿಸಿಲಿಗೆ ಮುಂಚೆ ಮುಗಿಯುತ್ತದೆ. ಫೋನ್ ಮತಗಟ್ಟೆಯೊಳಗೆ ಒಯ್ಯುವಂತಿಲ್ಲ, ಒಬ್ಬರು ಹೊರಗೆ ಎಲ್ಲರದನ್ನೂ ಹಿಡಿದು ನಿಂತು ಸರದಿಯಂತೆ ಹೋಗಲಿ. ಗುಂಡಿ ಒತ್ತಿದ ಮೇಲೆ, ಓಟು ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ. ಅಜ್ಜ ಅಜ್ಜಿಗೆ ಇದನ್ನು ಹಿಂದಿನ ದಿನವೇ ಹೇಳಿಡಿ, ಗಡಿಬಿಡಿಯಲ್ಲಿ ನೋಡದೆ ಬಂದು ಆಮೇಲೆ ಕೊರಗುತ್ತಾರೆ.

ಕಣ್ಣು ಕಾಣದ, ಕೈ ನಡುಗುವ ಹಿರಿಯರ ಜೊತೆ ಒಬ್ಬರು ಒಳಗೆ ಹೋಗಬಹುದು. ಹದಿನೆಂಟು ತುಂಬಿರಬೇಕು, ಗುಟ್ಟು ಕಾಪಾಡುತ್ತೇನೆಂದು ಬರೆದುಕೊಡಬೇಕು, ಮತ್ತು ಒಬ್ಬರು ಆ ದಿನ ಒಬ್ಬ ಮತದಾರರಿಗೆ ಮಾತ್ರ ಸಹಾಯಕರಾಗಬಹುದು. ಅಜ್ಜ ಅಜ್ಜಿ ಇಬ್ಬರಿಗೂ ಬೇಕಾದರೆ ಇಬ್ಬರು ಬೇಕು. ಯಾರು ಬರಬೇಕೆಂದು ಅಜ್ಜಿಯೇ ಹೇಳಲಿ. ಹೋದವರು ಅಜ್ಜಿ ಹೇಳಿದ ಗುಂಡಿ ಒತ್ತಿ, ಆಚೆ ಬಂದು ಬಾಯಿ ಮುಚ್ಚಿಕೊಂಡಿರಬೇಕು. ಯಾರ ಮೊಮ್ಮಗ ಕರೆದುಕೊಂಡು ಹೋಗಬೇಕು ಎಂದು ಬೂತಿನ ಮುಂದೆ ಎಳೆದಾಡುವುದಕ್ಕಿಂತ ಕೆಟ್ಟ ನೋಟ ಇನ್ನೊಂದಿಲ್ಲ.

ಹೊರಗೆ ಬಂದು ಬೆರಳು ತೋರಿಸಿ ಒಂದು ಫೋಟೊ ತೆಗೆದುಕೊಳ್ಳಿ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿ ಓಟು ಹಾಕಿದ್ದನ್ನು ಹೇಳುತ್ತದೆ, ಯಾರಿಗೆಂದು ಹೇಳುವುದಿಲ್ಲ. ಗ್ರೂಪಿಗೆ ಹಾಕಲು ಇದಕ್ಕಿಂತ ನಿರುಪದ್ರವಿ ಚಿತ್ರ ಸಿಗದು.

ಎಣಿಕೆ

ಎಣಿಕೆ ಬೆಳಿಗ್ಗೆ 8ಕ್ಕೆ ಶುರು. ಮೊದಲು ಅಂಚೆ ಮತ, ಅರ್ಧ ಗಂಟೆಯಾದ ಮೇಲೆ ಯಂತ್ರ. ಒಂದು ಸುತ್ತಿಗೆ ಸಾಮಾನ್ಯವಾಗಿ 14 ಟೇಬಲ್, ಅಂದರೆ 14 ಬೂತು. 250 ಬೂತಿನ ಕ್ಷೇತ್ರವಾದರೆ 18 ಸುತ್ತು. 9 ಗಂಟೆಯ ಮುನ್ನಡೆ ನೋಡಿ ಕುಣಿದವರು 11ಕ್ಕೆ ಸಪ್ಪಗಾಗುವುದು, ಮಧ್ಯಾಹ್ನ ಮತ್ತೆ ಏಳುವುದು ಇದೇ ಕಾರಣಕ್ಕೆ. ಒಂದು ಕಡೆಯ ಬೂತುಗಳು ಮೊದಲು ಬಿಚ್ಚಿಕೊಂಡಿರುತ್ತವೆ, ಅಷ್ಟೇ. ಹತ್ತು ಸುತ್ತು ದಾಟುವವರೆಗೆ ಚಪ್ಪಾಳೆಯೂ ಬೇಡ, ಸಮಾಧಾನವೂ ಬೇಡ. ತಿಂಡಿ 8ಕ್ಕೆ ಮುಂಚೆಯೇ ಮುಗಿಸಿ, ಹಸಿದ ಹೊಟ್ಟೆಗೆ ಹಿನ್ನಡೆ ಇನ್ನೂ ಕಹಿ.

ಗೆದ್ದವರು ಪಟಾಕಿ ಹಚ್ಚುವುದಿದ್ದರೆ ಬೀದಿ ತುದಿಯಲ್ಲಿ ಹಚ್ಚಲಿ, ಅಂಗಳದಲ್ಲಿ ಬೇಡ. ಸೋತವರಿಗೆ ಸಿಹಿ ತಿನ್ನಿಸಲು ಹೋಗಬೇಡಿ, ಅದು ಪ್ರೀತಿಯಂತೆ ಕಾಣುವುದಿಲ್ಲ. ಅಂದು ಸಂಜೆ ಎಂದಿನ ಅಡುಗೆ, ಎಂದಿನ ಹೊತ್ತಿಗೆ.

ಮರುದಿನ ಗ್ರೂಪಿನ ಮ್ಯೂಟ್ ತೆಗೆಯಿರಿ, ಮುಚ್ಚಿದ್ದನ್ನು ತೆರೆಯಿರಿ. ಗೇಟಿನ ಸ್ಟಿಕ್ಕರನ್ನು ಅಂಟಿಸಿದವರೇ ತೆಗೆಯಲಿ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟು ಮೂಲೆಯಿಂದ ಸುಲಿದರೆ ಕಾಗದ ಬರುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಕಾಲು ಗಂಟೆ ಬಿಟ್ಟು ಹಳೆಯ ಬಟ್ಟೆಯಿಂದ ಉಜ್ಜಿ. ಬ್ಲೇಡಿನಿಂದ ಕೆರೆದರೆ ಗೇಟಿನ ಬಣ್ಣ ಹೋಗುತ್ತದೆ, ಮುಂದಿನ ಚುನಾವಣೆಯವರೆಗೂ ಆ ಚೌಕ ಹಾಗೇ ಕಾಣುತ್ತಿರುತ್ತದೆ.